ತಾಮ್ರಪತ್ರ ಬಂದಾಗ ವಯಸ್ಸೆಷ್ಟು?

ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪ್ರದಾನವನ್ನು ನೀವು ಟಿವಿಯಲ್ಲಿ ನೋಡಿರಬಹುದು. ದೆಹಲಿಯ ವಿಜ್ಞಾನ ಭವನದ ದೊಡ್ಡ ವೇದಿಕೆ. ಧ್ವನಿವರ್ಧಕದಲ್ಲಿ ಒಂದು ಹೆಸರು ಬರುತ್ತದೆ, ಅದರ ಜೊತೆಗೆ ಒಂದು ಕಲೆಯ ಹೆಸರು. ಸಭೆಯಿಂದ ಒಬ್ಬರು ಎದ್ದು ಬರುತ್ತಾರೆ. ಕೆಲವರು ಚುರುಕಾಗಿ ನಡೆಯುತ್ತಾರೆ, ಕೆಲವರು ಇನ್ನೊಬ್ಬರ ತೋಳು ಹಿಡಿದು ಬರುತ್ತಾರೆ. ಅಂಗವಸ್ತ್ರ ಹೊದಿಸುತ್ತಾರೆ, ತಾಮ್ರಪತ್ರ ಕೈಗಿಡುತ್ತಾರೆ, ಇಬ್ಬರೂ ಕ್ಯಾಮೆರಾ ಕಡೆ ತಿರುಗುತ್ತಾರೆ, ಚಪ್ಪಾಳೆ. ಅಷ್ಟರಲ್ಲಿ ಮುಂದಿನ ಹೆಸರು. 2024ರ ಮಾರ್ಚ್ 6ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಹೀಗೆ 94 ಕಲಾವಿದರಿಗೆ ಪ್ರಶಸ್ತಿ ಕೊಟ್ಟರು. ಮಕ್ಕಳಿಗೆ ನಾಲ್ಕನೆಯ ಹೆಸರಿಗೇ ಆಕಳಿಕೆ ಬರುತ್ತದೆ. ದೊಡ್ಡವರಿಗೆ ಹತ್ತನೆಯದಕ್ಕೆ.

ನಮ್ಮ ಮನೆಯಲ್ಲಿ ಇದಕ್ಕೆ ನಾನೊಂದು ಆಟ ಹೇಳಿಕೊಟ್ಟಿದ್ದೇನೆ. ಹೆಸರು ಕೂಗಿದ ಕೂಡಲೇ ಬರುವವರ ವಯಸ್ಸು ಎಷ್ಟಿರಬಹುದೆಂದು ಊಹಿಸಬೇಕು. ಎಷ್ಟನೇ ವಯಸ್ಸಿಗೆ ಅವರು ಕಲಿಯಲು ಶುರುಮಾಡಿರಬಹುದು, ಅದನ್ನೂ ಊಹಿಸಬೇಕು. ಒಂದರಲ್ಲಿ ಇನ್ನೊಂದನ್ನು ಕಳೆಯಬೇಕು. ಕಳೆಯುವ ಲೆಕ್ಕ ಬರುವ ಯಾವ ಮಗುವೂ ಆಡಬಹುದಾದ ಆಟ. ಉತ್ತರ ಐವತ್ತು, ಅರವತ್ತು ಎಂದು ಬರತೊಡಗಿದ ಮೇಲೆ ನಮ್ಮ ಮೊಮ್ಮಗಳು ಕೇಳಿದ ಪ್ರಶ್ನೆ ಇದು: “ತಾತ, ಇವರಿಗೆ ಇಷ್ಟು ದಿನ ಯಾಕೆ ಕೊಡಲಿಲ್ಲ?”

ಒಳ್ಳೆಯ ಪ್ರಶ್ನೆ. ಈ ಲೇಖನವೆಲ್ಲ ಅದರ ಸುತ್ತಲೇ ಇದೆ.

ಮೊದಲು ಒಂದು ವಿಷಯ ತಿಳಿದಿರಲಿ. ನಮ್ಮ ದೇಶದಲ್ಲಿ ಸಾಹಿತ್ಯಕ್ಕೊಂದು, ಚಿತ್ರಶಿಲ್ಪಕ್ಕೊಂದು, ಸಂಗೀತ ನೃತ್ಯ ನಾಟಕಗಳಿಗೊಂದು ಎಂದು ಮೂರು ರಾಷ್ಟ್ರೀಯ ಅಕಾಡೆಮಿಗಳಿವೆ. ಮೂರೂ ದೆಹಲಿಯ ಫಿರೋಜ್ ಷಾ ರಸ್ತೆಯ ರವೀಂದ್ರ ಭವನದಲ್ಲೇ ಇವೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಡುವುದು ಒಂದು ಪುಸ್ತಕಕ್ಕೆ. ಬರೆದವರು ಇದ್ದರೂ ಇಲ್ಲದಿದ್ದರೂ ಪುಸ್ತಕ ಕಪಾಟಿನಲ್ಲಿರುತ್ತದೆ. ಚಿತ್ರ ಗೋಡೆಯ ಮೇಲಿರುತ್ತದೆ. ಆದರೆ ಹಾಡು, ಕುಣಿತ, ಆಟ ಇವುಗಳಿಗೆ ಕಪಾಟು ಎಲ್ಲಿದೆ? ಈಗೇನೋ ಧ್ವನಿಮುದ್ರಣ, ವೀಡಿಯೊ ಎಲ್ಲ ಇವೆ, ಅಕಾಡೆಮಿಯೇ ದೊಡ್ಡ ಸಂಗ್ರಹ ಮಾಡಿಟ್ಟಿದೆ. ಆದರೂ ರಾತ್ರಿಯಿಡೀ ಯಕ್ಷಗಾನ ನೋಡಿ ಬಂದವರಿಗೆ ಗೊತ್ತು, ಬೆಳಗಿನ ಜಾವ ನಾಲ್ಕು ಗಂಟೆಗೆ ಚಂಡೆಯ ಪೆಟ್ಟು ಎದೆಗೆ ಬಡಿಯುವುದು ಮೊಬೈಲಿನಲ್ಲಿ ಬರುವುದಿಲ್ಲ. ಆ ಕಲೆ ಇರುವುದು ಆ ಮನುಷ್ಯನ ಗಂಟಲಲ್ಲಿ, ಕಾಲಲ್ಲಿ, ಬೆರಳ ತುದಿಯಲ್ಲಿ. ಅವಕ್ಕೆ ವಯಸ್ಸಾಗುತ್ತದೆ. ಆದ್ದರಿಂದ ಪುಸ್ತಕದ ಪ್ರಶಸ್ತಿ ತಡವಾದರೆ ಬೇಸರ, ಇಲ್ಲಿ ತಡವಾದರೆ ನಷ್ಟ.

ಅಕಾಡೆಮಿ ಬರುವ ಮುಂಚೆ ಕಲಾವಿದರನ್ನು ಗೌರವಿಸುವವರು ಯಾರು? ಅರಸರು. ಮೈಸೂರು, ರಾಂಪುರ, ಮೈಹರ್, ಬರೋಡ ಹೀಗೆ ಪ್ರತಿ ಆಸ್ಥಾನದಲ್ಲೂ ಸಂಬಳದ ವಿದ್ವಾಂಸರಿದ್ದರು. ಮಹಾರಾಜರ ಮನಸ್ಸಿಗೆ ಬಂದರೆ ಜೋಡಿ ಶಾಲು, ಚಿನ್ನದ ತೋಡ. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ಭಾರತದಲ್ಲಿ ಸೇರಿಹೋದ ಮೇಲೆ ಆ ಸಂಬಳದ ಪಟ್ಟಿಗಳು ಒಂದೊಂದಾಗಿ ಮುಚ್ಚಿದವು. ಶಾಸ್ತ್ರೀಯ ಸಂಗೀತಕ್ಕೆ ಟಿಕೆಟ್ ಕೊಂಡು ಬರುವ ಜನ ಆಗ ಕಡಿಮೆ. ಇನ್ನು ಇವರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಹೊಸ ಸರ್ಕಾರ ಕೊಟ್ಟ ಉತ್ತರಗಳಲ್ಲಿ ಒಂದು ಆಕಾಶವಾಣಿ, ಇನ್ನೊಂದು ಈ ಅಕಾಡೆಮಿ. 1952ರಲ್ಲಿ ಶಿಕ್ಷಣ ಸಚಿವಾಲಯದ ನಿರ್ಣಯದಿಂದ ಅದು ಹುಟ್ಟಿತು. 1953ರ ಜನವರಿ 28ರಂದು ಸಂಸತ್ ಭವನದಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದರು. ಮೊದಲ ಅಧ್ಯಕ್ಷರು ಪಿ.ವಿ. ರಾಜಮನ್ನಾರ್. ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅವರು, ತೆಲುಗಿನಲ್ಲಿ ನಾಟಕವನ್ನೂ ಬರೆದಿದ್ದವರು. ಶಾಲು ಮಾತ್ರ ಹಳೆಯ ದರ್ಬಾರಿನಿಂದ ಹೊಸ ವೇದಿಕೆಗೆ ಹಾಗೆಯೇ ಬಂತು, ಅಂಗವಸ್ತ್ರ ಎಂಬ ಹೆಸರಿನಲ್ಲಿ.

1952ರ ಸಾಲಿನ ಪ್ರಶಸ್ತಿಗೆ ಆರಿಸಿದ್ದು ನಾಲ್ವರನ್ನು. ಕರ್ನಾಟಕ ಸಂಗೀತದ ಗಾಯನಕ್ಕೆ ಅರಿಯಕುಡಿ ರಾಮಾನುಜ ಅಯ್ಯಂಗಾರ್, ವೀಣೆಗೆ ಕಾರೈಕುಡಿ ಸಾಂಬಶಿವ ಅಯ್ಯರ್, ಹಿಂದೂಸ್ತಾನಿ ಗಾಯನಕ್ಕೆ ರಾಂಪುರದ ಮುಷ್ತಾಕ್ ಹುಸೇನ್ ಖಾನ್, ವಾದನಕ್ಕೆ ಮೈಹರಿನ ಅಲ್ಲಾವುದ್ದೀನ್ ಖಾನ್. ಈ ಕೊನೆಯವರ ಕಥೆ ಮಕ್ಕಳಿಗೆ ಹೇಳಲೇಬೇಕು. ರವಿಶಂಕರ್, ಅಲಿ ಅಕ್ಬರ್ ಖಾನ್ ಅವರಿಗೆಲ್ಲ ಗುರುಗಳು. ಮೈಹರಿನಲ್ಲಿ ತಂದೆತಾಯಿ ಇಲ್ಲದ ಮಕ್ಕಳನ್ನು ಸೇರಿಸಿ, ವಾದ್ಯ ಕಲಿಸಿ, ಒಂದು ಬ್ಯಾಂಡ್ ಕಟ್ಟಿದರು. ಸಂಸ್ಥಾನದಲ್ಲಿ ಬಳಕೆ ತಪ್ಪಿದ ಬಂದೂಕುಗಳ ನಳಿಗೆಗಳನ್ನು ಉದ್ದ ಗಿಡ್ಡ ಕತ್ತರಿಸಿ ಸಾಲಾಗಿ ಜೋಡಿಸಿ, ಕೋಲಿನಿಂದ ಬಾರಿಸುವ ನಳತರಂಗ ಎಂಬ ವಾದ್ಯವನ್ನೇ ಮಾಡಿದರು. ಗುಂಡು ಹಾರುತ್ತಿದ್ದ ಕೊಳವೆಯಲ್ಲಿ ಸರಿಗಮ! ಇಂಥವರಿಂದ ಪ್ರಶಸ್ತಿಯ ಪಟ್ಟಿ ಶುರುವಾಯಿತೆಂದರೆ ಅದು ಪ್ರಶಸ್ತಿಗೇ ಗೌರವ.

ಈಗ ಕೊಡುವುದೇನು? ಅಕಾಡೆಮಿ ಪುರಸ್ಕಾರಕ್ಕೆ 1 ಲಕ್ಷ ರೂಪಾಯಿ, ತಾಮ್ರಪತ್ರ, ಅಂಗವಸ್ತ್ರ. ಇದರ ಮೇಲೆ ಫೆಲೋಶಿಪ್ ಎಂಬುದಿದೆ, ‘ಅಕಾಡೆಮಿ ರತ್ನ’ ಎನ್ನುತ್ತಾರೆ. ಅದಕ್ಕೆ 3 ಲಕ್ಷ. ಫೆಲೋಗಳು ಒಂದು ಕಾಲಕ್ಕೆ 40 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಆರಿಸುವುದು ಅಕಾಡೆಮಿಯ ಮಹಾಸಭೆ. ಬ್ಯಾಂಕಿನ ಗುಮಾಸ್ತನಾಗಿದ್ದವನಿಗೆ ದುಡ್ಡಿನ ಅಂಕಿ ಕಂಡರೆ ಕೈ ಸುಮ್ಮನಿರುವುದಿಲ್ಲ. 1 ಲಕ್ಷವನ್ನು ನೂರಕ್ಕೆ ಏಳರ ಬಡ್ಡಿಗೆ ಠೇವಣಿ ಇಟ್ಟರೆ ತಿಂಗಳಿಗೆ 583 ರೂಪಾಯಿ ಚಿಲ್ಲರೆ. ಅದರಲ್ಲಿ ಮಾತ್ರೆ ಔಷಧಿಯೂ ಪೂರ್ತಿ ಬರುವುದಿಲ್ಲ. ಹಾಗಾಗಿ ಇದನ್ನು ಜೀವನಕ್ಕೆ ಆಧಾರ ಎಂದು ಯಾರೂ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವುದು ಆ ತಾಮ್ರದ ತಗಡಿಗಾಗಿ. ನೀನು ಮಾಡಿದ್ದನ್ನು ದೇಶ ನೋಡಿದೆ ಎಂಬ ಒಂದು ರಸೀದಿ ಅದು.

ರಸೀದಿಯ ಮೇಲೆ ತಾರೀಕು ಇರುತ್ತದಲ್ಲ, ಅಲ್ಲಿಗೆ ಬರೋಣ.

ನಮ್ಮ ಕನ್ನಡ ನಾಡಿನವರನ್ನೇ ತೆಗೆದುಕೊಂಡು ಒಂದು ಪಟ್ಟಿ ಮಾಡಿದೆ. ಎಡಗಡೆ ಹುಟ್ಟಿದ ವರ್ಷ, ಬಲಗಡೆ ಪ್ರಶಸ್ತಿಯ ವರ್ಷ. ಮಲ್ಲಿಕಾರ್ಜುನ ಮನ್ಸೂರರು ಹುಟ್ಟಿದ್ದು 1910ರ ಡಿಸೆಂಬರ್ ಕೊನೆಯ ದಿನ, ಪ್ರಶಸ್ತಿ 1971. ಅಲ್ಲಿಗೆ 60. ಎಳೆಯ ಹುಡುಗನಾಗಿದ್ದಾಗಲೇ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡುತ್ತಿದ್ದರು, ಆ ಹಾಡು ಕೇಳಿಯೇ ಮಿರಜಿನ ನೀಲಕಂಠ ಬುವಾ ಅವರನ್ನು ಶಿಷ್ಯನಾಗಿ ಕರೆದುಕೊಂಡಿದ್ದು. ಗಂಗೂಬಾಯಿ ಹಾನಗಲ್ ಅವರು 1913ರಲ್ಲಿ ಹುಟ್ಟಿದರು, ಪ್ರಶಸ್ತಿ 1973. ಅವರಿಗೂ 60. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು, ಮತ್ತೆ ರೈಲಿನಲ್ಲಿ ಮನೆಗೆ ಬರುತ್ತಿದ್ದ ಹುಡುಗಿ ಅವರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಭೀಮಸೇನ ಜೋಶಿಯವರು 1922ರವರು, ಪ್ರಶಸ್ತಿ 1975. 53. ಹನ್ನೊಂದು ವರ್ಷಕ್ಕೇ ಗುರುವನ್ನು ಹುಡುಕಿಕೊಂಡು ಗದಗಿನ ಮನೆಯಿಂದ ಹೇಳದೆ ಕೇಳದೆ ರೈಲು ಹತ್ತಿದವರು. (ಮಕ್ಕಳೇ, ಇದನ್ನು ಅನುಕರಿಸಬೇಡಿ. ನಿಮಗೆ ಸಂಗೀತದ ಮೇಷ್ಟ್ರು ಪಕ್ಕದ ಬೀದಿಯಲ್ಲೇ ಇದ್ದಾರೆ.)

ಮೈಸೂರಿನ ಕೆ. ವೆಂಕಟಲಕ್ಷಮ್ಮ 1906ರವರು. ಕಡೂರು ಕಡೆಯ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹುಡುಗಿ, ಜಟ್ಟಿ ತಾಯಮ್ಮನವರ ಹತ್ತಿರ ನೃತ್ಯ ಕಲಿತು ಮೈಸೂರು ಅರಮನೆಯ ಆಸ್ಥಾನ ವಿದುಷಿಯಾದರು. ಅಭಿನಯದಲ್ಲಿ ಅವರಿಗೆ ಸಮಾನರಿಲ್ಲ ಎನ್ನುತ್ತಿದ್ದರು. ಪ್ರಶಸ್ತಿ 1964ರಲ್ಲಿ, ಆಗ ಅವರಿಗೆ 58. ಕುಣಿಯುವವರಿಗೆ 58 ಅಂದರೆ ಹಾಡುವವರ 58 ಅಲ್ಲ, ಮಂಡಿ ನೋವಿರುವ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ. ಇನ್ನು ಅವರ ಗುರು ಜಟ್ಟಿ ತಾಯಮ್ಮನವರು 1947ರಲ್ಲೇ ತೀರಿಕೊಂಡಿದ್ದರು. ವೀಣೆ ಶೇಷಣ್ಣನವರು 1926ರಲ್ಲಿ, ಬಿಡಾರಂ ಕೃಷ್ಣಪ್ಪನವರು 1931ರಲ್ಲಿ. ಇವರೆಲ್ಲ ಅಕಾಡೆಮಿಯ ಲೆಡ್ಜರ್ ತೆರೆಯುವ ಮುಂಚೆಯೇ ಹೊರಟುಹೋದವರು.

ಏಣಗಿ ಬಾಳಪ್ಪನವರದು ಬೇರೆಯೇ ಲೆಕ್ಕ. ಬೆಳಗಾವಿ ಜಿಲ್ಲೆ ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದವರು. ಮೊದಲು ಸ್ತ್ರೀ ಪಾತ್ರ, ಆಮೇಲೆ ಸ್ವಂತ ಕಂಪನಿ ‘ಕಲಾವೈಭವ ನಾಟ್ಯ ಸಂಘ’. ಉತ್ತರ ಕರ್ನಾಟಕದ ಹಳ್ಳಿಗಳ ಜನ ಅವರ ಬಸವಣ್ಣನ ಪಾತ್ರವನ್ನು ನೋಡಿ ಕೈ ಮುಗಿಯುತ್ತಿದ್ದರು. ಪ್ರಶಸ್ತಿ ಬಂದಿದ್ದು 1994ರ ಸಾಲಿನದು. 80! ಸಾಮಾನ್ಯವಾಗಿ ಎಂಬತ್ತರಲ್ಲಿ ಬಂದ ಪ್ರಶಸ್ತಿಯನ್ನು ಮನೆಯವರು ಗೋಡೆಗೆ ನೇತುಹಾಕುವ ಹೊತ್ತಿಗೆ ಪಕ್ಕದಲ್ಲಿ ಹಾರ ಹಾಕಿದ ಫೋಟೋ ಬಂದಿರುತ್ತದೆ. ಬಾಳಪ್ಪನವರು ಗಟ್ಟಿ ಮನುಷ್ಯರು. ಇನ್ನೂ 23 ವರ್ಷ ಬದುಕಿ, ನೂರು ದಾಟಿ, 2017ರಲ್ಲಿ ಹೋದರು. ಆದರೆ ಎಲ್ಲರ ಆಯುಸ್ಸೂ ಏಣಗಿಯ ಆಯುಸ್ಸಲ್ಲ.

ಚಿಕ್ಕ ವಯಸ್ಸಿನಲ್ಲಿ ಸಿಕ್ಕವರೂ ಇದ್ದಾರೆ. ಗಿರೀಶ ಕಾರ್ನಾಡರಿಗೆ ನಾಟಕ ರಚನೆಗೆ ಪ್ರಶಸ್ತಿ ಬಂದದ್ದು 1972ರಲ್ಲಿ, ಆಗ 34ರ ಆಸುಪಾಸು. ಮುಂದೆ ಅವರೇ ಅಕಾಡೆಮಿಯ ಅಧ್ಯಕ್ಷರೂ ಆದರು. ಶಹನಾಯಿಯ ಬಿಸ್ಮಿಲ್ಲಾ ಖಾನರಿಗೆ 1956ರಲ್ಲಿ, 40ಕ್ಕೆ. ಅವರ ಹೆಸರಿನಲ್ಲೇ ಈಗ 40ರೊಳಗಿನವರಿಗೆ ಯುವ ಪುರಸ್ಕಾರವೊಂದಿದೆ, 2006ರಲ್ಲಿ ಶುರುವಾಯಿತು. 25,000 ರೂಪಾಯಿ. ನನ್ನನ್ನು ಕೇಳಿದರೆ ಅಕಾಡೆಮಿ ಮಾಡಿದ ಜಾಣ ಕೆಲಸಗಳಲ್ಲಿ ಇದೊಂದು. ಮೂವತ್ತು ವರ್ಷದ ಹುಡುಗನಿಗೆ ಈ ದಾರಿಯಲ್ಲೇ ಇರಲೇ, ಬೆಂಗಳೂರಿಗೆ ಹೋಗಿ ಕೆಲಸ ಹುಡುಕಲೇ ಎಂಬ ಹೊಯ್ದಾಟ ಇರುವ ಹೊತ್ತಿಗೆ ಒಂದು ಕಾಗದ ಬಂದರೆ ಅದರ ತೂಕವೇ ಬೇರೆ. ಮನೆಯವರ ಬಾಯಿ ಮುಚ್ಚಿಸಲಿಕ್ಕಾದರೂ ಬರುತ್ತದೆ.

ಗುಬ್ಬಿ ಕಂಪನಿಯ ಮಾತು ಹೇಳದೆ ಮುಂದೆ ಹೋಗಲಾರೆ. ಗುಬ್ಬಿ ವೀರಣ್ಣನವರಿಗೆ ಪ್ರಶಸ್ತಿ 1955ರಲ್ಲಿ, ಅವರಿಗಾಗ 60 ದಾಟಿತ್ತು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಅವರ ಕಂಪನಿಗೆ ಮನೆ ಬಿಟ್ಟು ಓಡಿಬಂದ ಹುಡುಗರಲ್ಲಿ ಒಬ್ಬರು ಬಿ.ವಿ. ಕಾರಂತರು. ವೀರಣ್ಣನವರು ಆ ಹುಡುಗನನ್ನು ಓದಲು, ಸಂಗೀತ ಕಲಿಯಲು ಕಾಶಿಗೆ ಕಳಿಸಿದರು. ಕಾರಂತರಿಗೆ ನಿರ್ದೇಶನಕ್ಕೆ ಪ್ರಶಸ್ತಿ 1976ರಲ್ಲಿ ಬಂತು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರಿಗೆ 1996ರಲ್ಲಿ. 1955, 1976, 1996. ಸುಮಾರು ಇಪ್ಪತ್ತು ವರ್ಷಕ್ಕೊಂದರಂತೆ ಒಂದೇ ಡೇರೆಯ ಕೆಳಗಿಂದ ಮೂರು ಪ್ರಶಸ್ತಿ. ವೀರಣ್ಣನವರಿಗೆ ಸಿಕ್ಕ ತಾಮ್ರಪತ್ರಕ್ಕಿಂತ ಅವರು ಆ ಹುಡುಗನಿಗೆ ಕೊಡಿಸಿದ ಕಾಶಿಯ ರೈಲು ಟಿಕೆಟ್ಟು ದೊಡ್ಡದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ತಡದ ಮಾತು. ವರ್ಷಕ್ಕೊಂದು ಎಂದು ಹೆಸರಾದ ಈ ಪ್ರಶಸ್ತಿ ವರ್ಷಕ್ಕೊಂದರಂತೆ ಕೈಸೇರುತ್ತಿಲ್ಲ. 2019, 2020, 2021 ಈ ಮೂರೂ ಸಾಲಿನ ಪ್ರಶಸ್ತಿಗಳನ್ನು 2023ರ ಫೆಬ್ರವರಿ 23ರಂದು ಒಟ್ಟಿಗೆ ಕೊಟ್ಟರು. ನಡುವೆ ಕೋವಿಡ್ ಬಂದದ್ದು ನಿಜ. ಆಮೇಲೆ 2022 ಮತ್ತು 2023ರದ್ದನ್ನು 2024ರ ಮಾರ್ಚಿನಲ್ಲಿ ಒಂದೇ ದಿನ ಕೊಟ್ಟರು. ನಾನು ಮೊದಲು ಹೇಳಿದ 94 ಜನ ಆ ದಿನದವರೇ. 2019ರ ಸಾಲಿಗೆ ಆಯ್ಕೆಯಾದವರೊಬ್ಬರಿಗೆ ಆ ವರ್ಷ 78 ಆಗಿದ್ದರೆ ವೇದಿಕೆ ಹತ್ತುವಾಗ ಎಂಬತ್ತು ದಾಟಿರುತ್ತದೆ. ಶಾಲೆಯಲ್ಲಿ ಮೂರನೇ ಕ್ಲಾಸಿನ ಓಟದ ಪಂದ್ಯದ ಬಹುಮಾನವನ್ನು ಏಳನೇ ಕ್ಲಾಸಿನಲ್ಲಿ ಕೊಟ್ಟರೆ ನಿಮಗೆ ಹೇಗನ್ನಿಸುತ್ತದೆ, ಮಕ್ಕಳೇ? ನಿಮಗಾದರೆ ಕಾಲು ಉದ್ದವಾಗಿರುತ್ತದೆ. ಅವರಿಗೆ ಹಾಗಲ್ಲ.

ಇದು ಅಕಾಡೆಮಿಗೂ ಗೊತ್ತಿಲ್ಲದ್ದೇನಲ್ಲ. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಹೆಸರಿನಲ್ಲಿ ಅವರು ‘ಅಮೃತ ಪ್ರಶಸ್ತಿ’ ಎಂಬುದನ್ನು ಮಾಡಿದರು. 75 ವರ್ಷ ದಾಟಿಯೂ ಈವರೆಗೆ ಯಾವ ರಾಷ್ಟ್ರೀಯ ಗೌರವವೂ ಸಿಗದಿದ್ದ ಕಲಾವಿದರಿಗೆ. 2023ರ ಸೆಪ್ಟೆಂಬರ್ 16ರಂದು ವಿಜ್ಞಾನ ಭವನದಲ್ಲಿ ಉಪರಾಷ್ಟ್ರಪತಿ ಜಗದೀಪ್ ಧನಕರ್ ಅವರು 84 ಜನರಿಗೆ ಅದನ್ನು ಕೊಟ್ಟರು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಇದನ್ನು ಅರಿಯರ್ಸ್ ಎನ್ನುತ್ತೇವೆ, ಹಳೆಯ ಬಾಕಿ ತೀರಿಸುವುದು. ತೀರಿಸಿದ್ದು ಒಳ್ಳೆಯದೇ. ಆದರೆ ಇದು ಒಂದು ಸಲದ ಪ್ರಶಸ್ತಿ ಅಷ್ಟೇ ಎಂದರು, ಅದು ನನಗೆ ಒಪ್ಪಿಗೆಯಿಲ್ಲ. 75 ದಾಟುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ನಾನೂ ಆ ಗೆರೆಯ ಹತ್ತಿರದಲ್ಲೇ ಇದ್ದೇನೆ, ಹಾಡಲು ಬರುವುದಿಲ್ಲ ಎಂಬುದೊಂದೇ ಅಡ್ಡಿ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬಂತು. “ತಾತ, ಹಾಡುವವರಿಗೆ ಕೊಡುತ್ತಾರೆ, ಪಕ್ಕದಲ್ಲಿ ಬಾರಿಸುವವರಿಗೆ?”

ಅವರಿಗೂ ಕೊಡುತ್ತಾರೆ. ಮೃದಂಗ, ತಬಲಾ, ಪಿಟೀಲು ಎಲ್ಲಕ್ಕೂ ಇದೆ. ಮೈಸೂರಿನ ಟಿ. ಚೌಡಯ್ಯನವರಿಗೆ 1957ರಲ್ಲಿ ಬಂತು. ಅವರು ದೊಡ್ಡ ದೊಡ್ಡ ಗಾಯಕರಿಗೆ ಪಿಟೀಲು ಪಕ್ಕವಾದ್ಯ ನುಡಿಸುತ್ತಿದ್ದವರು. ಆಗ ಮೈಕು ಇರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೆ ಪಿಟೀಲು ಕೇಳಿಸುತ್ತಿಲ್ಲ ಎಂದು ತಿಳಿದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನ ಅವರ ಹೆಸರಿನದು. ರಜೆಯಲ್ಲಿ ಬೆಂಗಳೂರಿಗೆ ಹೋದರೆ ಹೊರಗಿನಿಂದಾದರೂ ನೋಡಿ.

ಆದರೆ ಹತ್ತು ಹನ್ನೆರಡು ಜನ ಸೇರಿ ಮಾಡುವ ಕಲೆಗಳಲ್ಲಿ ಈ ಪ್ರಶ್ನೆ ಅಷ್ಟು ಸುಲಭವಲ್ಲ. ಯಕ್ಷಗಾನವನ್ನೇ ನೋಡಿ. ಹೊನ್ನಾವರದ ಕಡೆಯ ಕೆರೆಮನೆ ಶಿವರಾಮ ಹೆಗಡೆಯವರಿಗೂ ಅವರ ಮಗ ಶಂಭು ಹೆಗಡೆಯವರಿಗೂ ಈ ಪ್ರಶಸ್ತಿ ಬಂದಿದೆ. ಇಬ್ಬರೂ ಯೋಗ್ಯರು, ಆ ಬಗ್ಗೆ ಎರಡು ಮಾತಿಲ್ಲ. ಶಂಭು ಹೆಗಡೆಯವರಂತೂ 2009ರಲ್ಲಿ ಇಡಗುಂಜಿಯ ರಥೋತ್ಸವದಲ್ಲಿ ವೇಷ ಹಾಕಿದ ರಾತ್ರಿಯೇ ತೀರಿಕೊಂಡರು. ಆದರೆ ವೇಷಧಾರಿ ಒಬ್ಬನೇ ಕುಣಿದರೆ ಆಟವಾಗುತ್ತದೆಯೇ? ಹಿಂದೆ ಭಾಗವತರು ಪದ ಎತ್ತಬೇಕು, ಮದ್ದಳೆ ಚಂಡೆ ಬೇಕು, ಚೌಕಿಯಲ್ಲಿ ಮುಂಡಾಸು ಕಟ್ಟಿಕೊಡುವವರು ಬೇಕು. ವಿಜ್ಞಾನ ಭವನದ ಮೆಟ್ಟಿಲು ಹತ್ತುವುದು ಒಬ್ಬರು.

ನಾನು ಘಟ್ಟದ ಕೆಳಗಿನ ಒಂದು ಊರಿನ ಶಾಖೆಯಲ್ಲಿದ್ದಾಗ ಒಬ್ಬ ಮದ್ದಳೆಗಾರರು ಚೆಕ್ ಹಿಡಿದು ಬಂದರು. ಯಾವುದೋ ಸಂಸ್ಥೆ ಅವರನ್ನು ಸನ್ಮಾನಿಸಿತ್ತು, ರಾಷ್ಟ್ರಮಟ್ಟದ್ದಲ್ಲ, ಸಣ್ಣ ಮೊತ್ತ. ಚೆಕ್ಕಿನ ಮೇಲೆ ಊರಿನ ಹೆಸರು ಸೇರಿಸಿ ಜನ ಅವರನ್ನು ಹೇಗೆ ಕರೆಯುತ್ತಿದ್ದರೋ ಹಾಗೆಯೇ ಬರೆದಿದ್ದರು. ಅವರ ಪಾಸ್‌ಬುಕ್ಕಿನಲ್ಲಿದ್ದದ್ದು ಅಪ್ಪ ಇಟ್ಟ ಹೆಸರು. ಎರಡಕ್ಕೂ ಒಂದಕ್ಷರ ಹೊಂದಿಕೆಯಿಲ್ಲ. ನಮ್ಮ ಶಾಖೆಯಲ್ಲಿ ಅವರ ಮದ್ದಳೆ ಕೇಳದವರೇ ಇರಲಿಲ್ಲ, ಮ್ಯಾನೇಜರೂ ಕೇಳಿದ್ದರು, ಆದರೆ ಬ್ಯಾಂಕಿನ ಕಾನೂನಿಗೆ ಕಿವಿ ಇಲ್ಲ. ಚೆಕ್ ಕೊಟ್ಟವರಿಗೆ ಪತ್ರ ಬರೆದೆವು. ಉತ್ತರ ಬರಲಿಲ್ಲ. ಮತ್ತೆ ಬರೆದೆವು. ಆಗೆಲ್ಲ ಚೆಕ್ಕಿಗೆ ಆರು ತಿಂಗಳ ಆಯುಸ್ಸು, ಐದನೆಯ ತಿಂಗಳಿಗೆ ಹೆಸರು ತಿದ್ದಿದ ಹೊಸ ಚೆಕ್ ಬಂತು. ಹಣ ಎಣಿಸಿಕೊಂಡವರೇ, “ಮದ್ದಳೆಗೆ ಹೊಸ ಮುಚ್ಚಿಗೆ ಹಾಕಿಸಬೇಕು” ಎಂದು ಹೊರಟರು. ನಾನು, “ಸ್ವಾಮಿ, ಮನೆಗೇನೂ ಬೇಡವೇ?” ಎಂದೆ. “ಮಳೆಗಾಲ ಮುಗಿಯಲಿಕ್ಕೆ ಬಂತು ಮಾರಾಯ್ರೆ, ಮೇಳ ಹೊರಡುತ್ತದೆ” ಎಂದರು.

ಅವರು ಈಗಿಲ್ಲ. ದೆಹಲಿಯ ಯಾವ ಪಟ್ಟಿಯಲ್ಲೂ ಅವರ ಹೆಸರು ಬಂದಿಲ್ಲ. ಅವರ ಹತ್ತಿರ ಕಲಿತ ಇಬ್ಬರು ಈಗ ಬೇರೆ ಬೇರೆ ಮೇಳಗಳಲ್ಲಿ ಬಾರಿಸುತ್ತಿದ್ದಾರೆ. ಅವರಲ್ಲಿ ಒಬ್ಬರ ಕೈ ಕೇಳಿದರೆ ಕಣ್ಣು ಮುಚ್ಚಿಕೊಂಡು ಇದು ಯಾರ ಪೆಟ್ಟು ಎಂದು ಹೇಳಬಹುದು.

ಪ್ರಶಸ್ತಿ ಪ್ರದಾನದಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ವಿಜ್ಞಾನ ಭವನದಲ್ಲಿಲ್ಲ. ಪ್ರಶಸ್ತಿ ಪಡೆದವರ ಕಾರ್ಯಕ್ರಮಗಳನ್ನು ಅಕಾಡೆಮಿ ದೆಹಲಿಯಲ್ಲಿ ಕೆಲವು ದಿನ ಏರ್ಪಡಿಸುವುದುಂಟು. ಮಣಿಪುರದವರು ಕುಣಿಯುತ್ತಾರೆ, ರಾಜಸ್ಥಾನದವರು ಹಾಡುತ್ತಾರೆ, ಕೇರಳದವರು ಚೆಂಡೆ ಬಾರಿಸುತ್ತಾರೆ. ಫಲಿತಾಂಶ ಬಂದ ಮೇಲೆ ಮತ್ತೊಮ್ಮೆ ಪರೀಕ್ಷೆ ಬರೆದಂತೆ! ಆಗ ಮಾತ್ರ ಒಬ್ಬರ ಹಿಂದೆ ಎಷ್ಟು ಜನ ಇದ್ದಾರೆಂದು ಎಲ್ಲರಿಗೂ ಕಾಣುತ್ತದೆ. ತಾಮ್ರಪತ್ರ ತೆಗೆದುಕೊಳ್ಳಲು ಬಂದದ್ದು ಒಬ್ಬರು, ಆಟ ತೋರಿಸಲು ಬಂದದ್ದು ಒಂದು ರೈಲು ಡಬ್ಬಿಯ ತುಂಬ ಜನ.

ಇದಕ್ಕೆಲ್ಲ ಗೊಂಬೆಯಾಟಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಕುಂದಾಪುರದ ಹತ್ತಿರ ಉಪ್ಪಿನಕುದ್ರು ಎಂಬ ಊರಿದೆ. ಅಲ್ಲಿಯ ಕಾಮತರ ಮನೆತನದವರು ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆಯಾಟ ಆಡಿಸುತ್ತ ಬಂದಿದ್ದಾರೆ. ಗೊಂಬೆಗಳಿಗೆ ಬಡಗುತಿಟ್ಟಿನ ವೇಷವನ್ನೇ ಹಾಕಿರುತ್ತಾರೆ, ಮುಂಡಾಸು, ಭುಜಕೀರ್ತಿ, ಎದೆಕವಚ ಸಮೇತ. ಭಾಗವತರು ಹಾಡುತ್ತಾರೆ, ಮದ್ದಳೆ ಚಂಡೆ ಮೊಳಗುತ್ತದೆ, ಗೊಂಬೆ ಕುಣಿಯುತ್ತದೆ, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆ. ಕುಣಿಸುವವರ ಮುಖ ಮಾತ್ರ ಆಟ ಮುಗಿಯುವವರೆಗೂ ಯಾರಿಗೂ ಕಾಣುವುದಿಲ್ಲ. ಮುಖವೇ ಕಾಣದ ಈ ಕೆಲಸಕ್ಕೆ ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಕೊಗ್ಗ ಕಾಮತರ ನಂತರ ಮಗ ಭಾಸ್ಕರ ಕಾಮತರು ಅದನ್ನು ಮುಂದುವರಿಸಿದರು. ಊರಿನಲ್ಲೇ ‘ಗೊಂಬೆಮನೆ’ ಎಂಬ ಅಕಾಡೆಮಿ ಮಾಡಿ ಮಕ್ಕಳಿಗೂ ಕಲಿಸುವ ವ್ಯವಸ್ಥೆ ಮಾಡಿದ್ದಾರೆ.

ಬೇಸಿಗೆ ರಜೆಯಲ್ಲಿ ಆ ಕಡೆ ಹೋಗುವವರಿದ್ದರೆ, ಕೊಲ್ಲೂರು, ಆನೆಗುಡ್ಡೆ ಮುಗಿಸಿಕೊಂಡು ಉಪ್ಪಿನಕುದ್ರುವಿಗೂ ಒಂದು ಸುತ್ತು ಹೋಗಿ ಬನ್ನಿ. ಆಟ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡರೆ ಒಳ್ಳೆಯದು. ಅಜ್ಜ ಅಜ್ಜಿಯರು ಕುರ್ಚಿಯಲ್ಲಿ ಕೂರಬಹುದು, ಮಕ್ಕಳು ಮುಂದೆ ನೆಲದ ಮೇಲೆ ಕೂರಲಿ. ಆಟ ಮುಗಿದ ಮೇಲೆ ಪರದೆಯ ಹಿಂದೆ ಬಂದು ನೋಡಬಹುದೇ ಎಂದು ಕೇಳಿ. ಗೊಂಬೆಯಾಟದವರಲ್ಲಿ ಮಕ್ಕಳಿಗೆ ಬೇಡ ಎಂದವರನ್ನು ನಾನು ಕಂಡಿಲ್ಲ. ಒಳಗೆ ಹೋದ ಮೇಲೆ ದಾರ ಹಿಡಿದಿದ್ದವರ ಹೆಸರು ಕೇಳಿ, ವಯಸ್ಸು ಕೇಳಿ, ಎಷ್ಟನೇ ವಯಸ್ಸಿಗೆ ಕಲಿತರೆಂದು ಕೇಳಿ. ಕಳೆಯುವ ಲೆಕ್ಕ ಆಮೇಲೆ ಬಸ್ಸಿನಲ್ಲಿ ಮಾಡಿಕೊಳ್ಳಬಹುದು.